ಸಿಂಬ ಕಣ್ಣು ಹೊಡೀತಿರಲಿಲ್ಲ

ನಮ್ಮನೆ ಲ್ಯಾಬ್ರಡಾರ್ ಸಿಂಬನಿಗೆ ಆಗ ಒಂದೂವರೆ ವರ್ಷ. ಎಡಗಣ್ಣನ್ನ ಪದೇ ಪದೇ ಮುಚ್ಚಿ ತೆಗೀತಿದ್ದ. 'ನೋಡಿ, ಕಣ್ಣು ಹೊಡೀತಾನೆ' ಅಂತ ನಾನು ರೀಲ್ಸ್ ಮಾಡಿ ಹಾಕಿದೆ. ಲೈಕ್ಸೂ ಚೆನ್ನಾಗೇ ಬಂತು. ಅವನು ನೋವು ತಿಂತಿದಾನೆ ಅಂತ ನನಗೆ ಗೊತ್ತಾಗಿದ್ದು ಮೂರು ವಾರದ ಮೇಲೆ.

ಕೆಳರೆಪ್ಪೆಯ ಅಂಚು ಒಳಗಡೆ ಮಡಚಿಕೊಂಡಿರೋದನ್ನ ಪಶುವೈದ್ಯರು ತೋರಿಸಿದ್ರು. ಇದರ ಹೆಸರು ಎಂಟ್ರೋಪಿಯನ್. ಕಣ್ಣು ಮಿಟುಕಿಸಿದಾಗಲೆಲ್ಲ ರೆಪ್ಪೆ ಮೇಲಿನ ಕೂದಲು ಕಾರ್ನಿಯಾಗೆ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಉಜ್ಜುತ್ತೆ. ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟಾಗ ಅಲ್ಲೊಂದು ಚುಕ್ಕೆ ಹಸಿರಾಗಿ ಹೊಳೀತು. ಅದೇ ಹುಣ್ಣು.

'ಮನೇಲಿ ಏನಾದ್ರೂ ಹಾಕಿದ್ರಾ?' ಅಂತ ಕೇಳಿದ್ರು. ಹಾಕಿದ್ದೆ. ಫ್ರಿಜ್‌ನಲ್ಲಿ ಉಳಿದಿದ್ದ ನಮ್ಮದೇ ಕಣ್ಣಿನ ಡ್ರಾಪ್ಸ್. ಅದರಲ್ಲಿ ಸ್ಟೀರಾಯ್ಡ್ ಇತ್ತು. ಹುಣ್ಣಿರೋ ಕಣ್ಣಿಗೆ ಸ್ಟೀರಾಯ್ಡ್ ಬಿದ್ರೆ ಗಾಯ ಮಾಯೋದು ನಿಧಾನವಾಗುತ್ತೆ, ಇನ್ನೂ ಆಳಕ್ಕಿಳಿದು ಕಣ್ಣೇ ತೂತಾಗಬಹುದು. ದಯವಿಟ್ಟು ನಾನು ಮಾಡಿದ ಹಾಗೆ ಮಾಡಬೇಡಿ.

ಆಮೇಲೆ ಮರಗಟ್ಟಿಸೋ ಹನಿ ಹಾಕಿದ್ರು. ನೋವಿಗೂ ರೆಪ್ಪೆ ಬಿಗಿದು ಒಳಗೆ ಹೋಗುತ್ತಂತೆ. ನೋವು ಹೋದ ಮೇಲೂ ಎಷ್ಟು ಮಡಚಿರುತ್ತೋ ಅಷ್ಟನ್ನ ಮಾತ್ರ ಸರಿಮಾಡಬೇಕು. ಈ ಲೆಕ್ಕ ಸಿಗೋದು ನಾಯಿ ಎಚ್ಚರವಾಗಿದ್ದಾಗಲೇ.

ಆಪರೇಷನ್ ಹೆಸರು ಹಾಟ್ಜ್-ಸೆಲ್ಸಸ್. ಪೂರ್ತಿ ಅರಿವಳಿಕೆ ಕೊಟ್ಟು, ರೆಪ್ಪೆಯ ಅಂಚಿನ ಪಕ್ಕದಲ್ಲೇ ಅರ್ಧಚಂದ್ರಾಕಾರದ ಒಂದು ತುಂಡು ಚರ್ಮ ತೆಗೆದು, ಸಣ್ಣ ಹೊಲಿಗೆ ಹಾಕ್ತಾರೆ. ರೆಪ್ಪೆ ಹೊರಗೆ ತಿರುಗುತ್ತೆ. ಜಾಸ್ತಿ ತೆಗೆದ್ರೆ ರೆಪ್ಪೆ ಜೋತುಬೀಳುತ್ತೆ, ಅದಕ್ಕೇ ಕೈ ಹಿಡಿತದಲ್ಲಿಟ್ಟು ಕತ್ತರಿಸ್ತಾರೆ. ಕೆಲವು ಸಲ ಎರಡನೇ ಆಪರೇಷನ್ ಬೇಕಾಗಬಹುದು. ಮುಖ ಇನ್ನೂ ಬೆಳೀತಿರೋ ಮರಿಗಳಿಗೆ ಚರ್ಮ ಕತ್ತರಿಸದೆ, ತಾತ್ಕಾಲಿಕ ಹೊಲಿಗೆಯಲ್ಲಿ ರೆಪ್ಪೆಯನ್ನ ಎತ್ತಿ ಹಿಡೀತಾರೆ.

ಹೊಲಿಗೆ ಬಿಚ್ಚೋವರೆಗೂ, ಅಂದ್ರೆ ಸುಮಾರು ಎರಡು ವಾರ, ಸಿಂಬನ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್. ಬಾಗಿಲಿಗೆಲ್ಲ ಡಿಕ್ಕಿ ಹೊಡ್ಕೊಂಡು ಓಡಾಡಿದ. ಕಣ್ಣು ಉಳೀತು. ಕಾರ್ನಿಯಾ ಮೇಲೆ ಮಸುಕಾದ ಒಂದು ಕಲೆ ಮಾತ್ರ ಇದೆ. ಅದು ನನ್ನ ಮೂರು ವಾರದ ಲೆಕ್ಕ.

ಇನ್ನೊಂದು ಮಾತು. ಇದು ಹೆಚ್ಚಾಗಿ ವಂಶದಲ್ಲಿ ಬರೋ ತೊಂದರೆ. ಶಾರ್‌ಪೇ, ಚೌಚೌ, ಬುಲ್‌ಡಾಗ್, ರಾಟ್‌ವೀಲರ್‌ಗಳಲ್ಲೂ ಕಾಣುತ್ತೆ. ಆಪರೇಷನ್ ರೆಪ್ಪೆಯನ್ನ ಸರಿಮಾಡುತ್ತೆ, ಜೀನನ್ನಲ್ಲ. ಅದಕ್ಕೇ ಮೇಟಿಂಗ್‌ಗೆ ಕೇಳಿದವರಿಗೆಲ್ಲ ಇಲ್ಲ ಅಂದಿದೀನಿ.

ನಿಮ್ಮ ನಾಯಿ ಒಂದೇ ಕಣ್ಣು ಕಿರಿದು ಮಾಡ್ತಿದ್ರೆ, ಕಣ್ಣಲ್ಲಿ ನೀರು ಸುರೀತಿದ್ರೆ, ಫೋನ್ ತೆಗೆದು ವಿಡಿಯೋ ಮಾಡಿ. ಆದ್ರೆ ಅದನ್ನ ಮೊದಲು ಡಾಕ್ಟರಿಗೆ ತೋರಿಸಿ.