ಬಾಗಿದ ಬೆರಳು, ಏನೂ ತೋರದ ಎಕ್ಸ್-ರೇ

(ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ಬೀಡಿ ಕಟ್ಟಲು, ಮಲ್ಲಿಗೆ ಕಟ್ಟಲು, ಸಂಘದ ಪುಸ್ತಕಕ್ಕೆ ಸಹಿ ಹಾಕಲು ನಮಗೆ ಬೆರಳೇ ಬೇಕಲ್ಲ? ನಮ್ಮ ಸಂಘವೊಂದರ ಸಹೋದರಿಯ ಬೆರಳುಗಳು ನಿಧಾನವಾಗಿ ಕಿರುಬೆರಳಿನ ಕಡೆಗೆ ವಾಲಿದವು. ಹೆಬ್ಬೆರಳು ಅಂಕುಡೊಂಕಾಯಿತು. ಎಕ್ಸ್-ರೇ ತೆಗೆಸಿದರೆ ಎಲುಬಿನಲ್ಲಿ ಸವೆತವೇ ಇಲ್ಲ! ಮನೆಯವರು "ಕೆಲಸ ತಪ್ಪಿಸ್ಲಿಕ್ಕೆ ನಾಟಕ" ಅಂದರು. ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನಿಂದ ಎರಡು ಸಲ ವಾಪಸ್ಸು ಬಂದರು. ಕೊನೆಗೆ ತಜ್ಞರು ಪರೀಕ್ಷಿಸಿ, ಇದು ಲೂಪಸ್ ಎಂದರು.

ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. 10 ರೋಗಿಗಳಲ್ಲಿ ಸುಮಾರು 9 ಮಂದಿ ಹೆಂಗಸರು, ಹೆಚ್ಚಿನವರಿಗೆ 15ರಿಂದ 45 ವರ್ಷದೊಳಗೆ ಶುರುವಾಗುತ್ತದೆ. ಅಂಟುರೋಗವಲ್ಲ. ಯಾರ ಶಾಪವೂ ಅಲ್ಲ.

ಆಮವಾತದಲ್ಲಿ ಎಲುಬೇ ಸವೆಯುತ್ತದೆ. ಲೂಪಸ್‌ನಲ್ಲಿ ಸಾಮಾನ್ಯವಾಗಿ ಹಾಗಲ್ಲ. ಗಂಟನ್ನು ಹಿಡಿದಿಡುವ ನಾರುಗಳು ಉರಿಯೂತದಿಂದ ಸಡಿಲವಾಗುತ್ತವೆ. ಚಪ್ಪರದ ಕಂಬ ಗಟ್ಟಿ ಉಂಟು, ಕಟ್ಟಿದ ಹಗ್ಗ ಸಡಿಲ! ಎಕ್ಸ್-ರೇಯಲ್ಲಿ ಕಾಣುವುದು ಕಂಬ ಮಾತ್ರ. 1869ರಲ್ಲಿ ಸಂಧಿವಾತ ಜ್ವರದ ರೋಗಿಯಲ್ಲಿ ಇಂತಹ ಕೈಯನ್ನು ವಿವರಿಸಿದ ವೈದ್ಯರ ಹೆಸರಿನಿಂದ ಇದನ್ನು ಜಕೂ ಸಂಧಿವಿಕಾರ ಅನ್ನುತ್ತಾರೆ. ಲೂಪಸ್ ಇರುವ 100 ಮಂದಿಯಲ್ಲಿ ಸುಮಾರು 5 ಮಂದಿಗೆ ಬರುತ್ತದೆ.

ಇದರ ಗುರುತೇನು? ಅಂಗೈಯನ್ನು ಮೇಜಿನ ಮೇಲೆ ಒತ್ತಿಟ್ಟರೆ, ಅಥವಾ ಇನ್ನೊಂದು ಕೈಯಿಂದ ಹಿಡಿದರೆ ಬೆರಳು ನೇರವಾಗುತ್ತದೆ. ಬಿಟ್ಟರೆ ಪುನಃ ವಾಲುತ್ತದೆ. "ನೇರ ಆಗ್ತದಲ್ಲ" ಅಂತ ಸುಮ್ಮನೆ ಕೂರಬೇಡಿ, ವರ್ಷ ಕಳೆದಂತೆ ಅದು ಹಾಗೇ ಬಿಗಿದುಕೊಳ್ಳಬಹುದು.

ಬೆಳಿಗ್ಗೆ ಬೆರಳು ಮಡಚಲಾಗದ ಬಿಗಿತ, ಬಿಸಿಲಿಗೆ ಕೆನ್ನೆ ಮೂಗಿನ ಮೇಲೆ ಕೆಂಪು ಗುಳ್ಳೆ, ಬಾಯಿಹುಣ್ಣು, ಕೂದಲು ಉದುರುವುದು, ಮೂತ್ರದಲ್ಲಿ ನೊರೆ ಇವೆಲ್ಲ ಜೊತೆಗಿದ್ದರೆ ವೈದ್ಯರಿಗೆ ಬಿಡಿಸಿ ಹೇಳಿ. ಮೂತ್ರಪಿಂಡಕ್ಕೂ ಈ ರೋಗ ತಗಲುತ್ತದೆ, ಅದು ಕೈಗಿಂತ ದೊಡ್ಡ ಅಪಾಯ. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆ ಹೆಚ್ಚಿನವರಿಗೆ ದೀರ್ಘಕಾಲ ಬೇಕಾಗುತ್ತದೆ. ಅದನ್ನು ತೆಗೆದುಕೊಳ್ಳುವವರು ವೈದ್ಯರು ಹೇಳಿದಾಗ ಕಣ್ಣಿನ ಪರೀಕ್ಷೆ ಮಾಡಿಸಬೇಕು. ನೋವು ಕಡಿಮೆಯಾಯಿತೆಂದು ಮಾತ್ರೆ ಬಿಡಬಾರದು. ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವುದಂತೂ ಬೇಡವೇ ಬೇಡ. ರಾತ್ರಿ ಬೆರಳಿಗೆ ಆಧಾರಪಟ್ಟಿ, ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ, ಒದ್ದೆ ಬಟ್ಟೆ ಹಿಂಡುವಾಗ ಮಗಳ ಅಥವಾ ಗಂಡನ ಸಹಾಯ (ಗಂಡಸರಿಗೂ ಕೈ ಉಂಟಲ್ಲ!) ಇಷ್ಟು ಇದ್ದರೆ ಕೈಗೆ ಆಸರೆ.

ಆ ಸಹೋದರಿ ಈಗ ಬಟ್ಟೆ ಸುತ್ತಿದ ದಪ್ಪ ಪೆನ್ನು ಹಿಡಿಯುತ್ತಾರೆ. ಸಂಘದ ಇಬ್ಬರು ಜೊತೆಗೆ ಹೋಗಿ, ಬ್ಯಾಂಕಿನಲ್ಲಿ ಅವರ ಹೊಸ ಸಹಿಯ ಮಾದರಿ ಕೊಡಿಸಿ ಬಂದಿದ್ದಾರೆ.