ಉಳಿಯ ಹಿಡಿ ಹೇಳುವ ಕಥೆ



ಬಳ್ಳಾರಿಯ ಗುಜರಿಯಲ್ಲಿ ತುಕ್ಕು ಹಿಡಿದ ಉಳಿಯೊಂದು ಸಿಕ್ಕರೆ, ಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿ ನೋಡಿ. ಅಲಗಿನ ಮೇಲೆ ‘ಮಾರ್ಪಲ್ಸ್, ಶೆಫೀಲ್ಡ್’ ಎಂಬ ಅಕ್ಷರಗಳು ಮೂಡಬಹುದು. 1828ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದ ಮಾರ್ಪಲ್ಸ್ ಮನೆತನದ ಉಪಕರಣ ಸಂಸ್ಥೆ ಇಂದಿಲ್ಲ. ಹೆಸರು ಕೈಯಿಂದ ಕೈಗೆ ಮಾರಾಟವಾಯಿತು. ಉಕ್ಕು ಮಾತ್ರ ಗಟ್ಟಿಯಾಗಿ ಉಳಿದಿದೆ.

ಇನ್ನು ಹಿಡಿ ನೋಡಿ. ಅದು ನಮ್ಮ ಜಾಲಿಮರದ್ದಿರಬಹುದು. ಸಿರುಗುಪ್ಪದ ನೇಗಿಲಿಗೋ ಕುರುಗೋಡಿನ ಬಾಗಿಲಿಗೋ ದುಡಿದ ಬಡಗಿ ಕೂರಿಸಿದ್ದಿರಬಹುದು. ಅಲಗಿನ ಅಕ್ಷರ ಹುಟ್ಟಿದೂರು ಹೇಳಿದರೆ, ಸವೆದ ಹಿಡಿ ಬದುಕಿದೂರು ಹೇಳುತ್ತದೆ.

ಅಜ್ಜನ ಉಳಿಯನ್ನು ತೂಕಕ್ಕೆ ಹಾಕುವ ಮುನ್ನ ಅದರ ಕಥೆಯನ್ನು ಹಿರಿಯರಲ್ಲಿ ಕೇಳಿ ಬರೆದಿಡೋಣ. ಕಂಪನಿಯ ಹೆಸರು ಅಳಿಯಲಿ, ದುಡಿದ ಕೈಯ ನೆನಪು ಅಳಿಯದಿರಲಿ.