ಆಲೆಮರ ಮತ್ತು ಅರಗಿನ ಕಸುಬು



ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಮಾನ್ಯತೆಯ ಪತ್ರದಿಂದ ಬೊಂಬೆ ಕಡೆಯಲಾಗದು; ಅದಕ್ಕೆ ಸಾಂಪ್ರದಾಯಿಕವಾಗಿ ಬಳಸುವುದು ಆಲೆಮರ. ಬಿಳುಪಾದ, ಮೃದುವಾದ ಈ ಮರವನ್ನು ಮೊದಲು ಚೆನ್ನಾಗಿ ಒಣಗಿಸತಕ್ಕದ್ದು. ಹಸಿಮರದ ಬೊಂಬೆ ಕುಗ್ಗಿ ಬಿರುಕು ಬಿಡುತ್ತದೆ. ಬಳಿಕ ಚರಕಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮೈಗೆ ಹತ್ತುತ್ತದೆ, ಕುಂಚವೇ ಬೇಡ. ಎಷ್ಟು ಒತ್ತಬೇಕೆಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಕೈಗೆ ಪಳಗಬೇಕು.

ಮರ ಸೀಳುವವರು, ಕಡೆಯುವವರು, ಅರಗಿಗೆ ಬಣ್ಣ ಕೂಡಿಸುವವರು, ಮಾರುವವರು, ಎಲ್ಲರ ಜೀವನೋಪಾಯವೂ ಬಹುಮಟ್ಟಿಗೆ ಆ ಮರವನ್ನು ನಂಬಿದೆ. ಕಡಿದಷ್ಟು ನೆಡದಿದ್ದರೆ ತರಬೇತಿ ಪಡೆದ ಯುವಕನಿಗೂ ಕೆಲಸವಿಲ್ಲ. ಆದುದರಿಂದ ಕೆರೆದಂಡೆ, ಶಾಲಾ ಆವರಣ, ರಸ್ತೆಬದಿಗಳಲ್ಲಿ ಆಲೆಸಸಿ ನೆಡುವ ಕಾಮಗಾರಿಯನ್ನು ಮುಂದಿನ ವಾರ್ಷಿಕ ಕ್ರಿಯಾಯೋಜನೆಯಲ್ಲಿಯೇ ಸೇರಿಸುವುದು ಸೂಕ್ತ.